ಪಿಂಚಣಿ ಬಾಕಿಯ ತೆರಿಗೆ: ಮೊದಲು ಫಾರ್ಮ್ 10ಇ, ಆಮೇಲೆ ರಿಟರ್ನ್

2022ರ ಜುಲೈ ಕೊನೆಗೆ ಸ್ವಯಂ ನಿವೃತ್ತಿ ಪಡೆದೆ. ಪಿಂಚಣಿ ಮಂಜೂರಾದದ್ದು 2024ರ ಆಗಸ್ಟ್‌ನಲ್ಲಿ. ತಿಂಗಳಿಗೆ 42,000 ರೂಪಾಯಿಯಂತೆ 25 ತಿಂಗಳ 10,50,000 ರೂಪಾಯಿ ಒಂದೇ ದಿನ ಖಾತೆಗೆ ಬಿತ್ತು. ಆ ಪೂರ್ತಿ ಮೊತ್ತಕ್ಕೂ ಅದೇ ವರ್ಷದ ಆದಾಯವೆಂದು ತೆರಿಗೆ ಕಡಿತವಾಯಿತು. ಹಿಂದಿನ ವರ್ಷಗಳ ಬಾಕಿ ಒಟ್ಟಿಗೆ ಬಂದಾಗ ಏರುವ ತೆರಿಗೆಯನ್ನು ತಗ್ಗಿಸುವ ಆದಾಯ ತೆರಿಗೆ ಕಾಯ್ದೆಯ ಕಲಂ 89ರ ಪರಿಹಾರವನ್ನು ರಿಟರ್ನ್‌ನಲ್ಲಿ ಕೇಳಿದ್ದೆ. ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸುವ 143(1)ರ ಸೂಚನಾಪತ್ರದಲ್ಲಿ ಆ ಸಾಲಿನ ಎದುರು ಸೊನ್ನೆ ಇತ್ತು.

ಫಾರ್ಮ್ 16 (ತೆರಿಗೆ ಕಡಿತದ ಪ್ರಮಾಣಪತ್ರ) ಅನ್ನು ವರ್ಷವಾರು ಒಡೆದುಕೊಡಿ ಎಂದು ಬ್ಯಾಂಕಿನಲ್ಲಿ ಕೇಳಿದೆ, ಆಗಲಿಲ್ಲ. ಬಾಕಿ ಕೈಗೆ ಬಂದ ವರ್ಷದಲ್ಲೇ ತೋರಿಸಬೇಕಾದ್ದು ನಿಯಮ. ತಿದ್ದುಪಡಿ ಅರ್ಜಿಯೂ ತಿರಸ್ಕೃತವಾಯಿತು.

ಕೊರತೆಯಿದ್ದದ್ದು ಫಾರ್ಮ್ 10ಇ, ಅಂದರೆ ಈ ಪರಿಹಾರದ ಲೆಕ್ಕ ತೋರಿಸುವ ನಮೂನೆ. ಅದು ರಿಟರ್ನ್‌ಗಿಂತ ಮೊದಲೇ ಸಲ್ಲಿಕೆಯಾಗಿರಬೇಕು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ-ಫೈಲ್, ಅದರೊಳಗೆ ಇನ್‌ಕಮ್ ಟ್ಯಾಕ್ಸ್ ಫಾರ್ಮ್ಸ್, ಅಲ್ಲಿ 10ಇ. ಕರನಿರ್ಧಾರಣಾ ವರ್ಷ 2025-26 ಆರಿಸಬೇಕು, ಅಂದರೆ ಹಣ ಕೈಸೇರಿದ 2024-25ರ ಆದಾಯಕ್ಕೆ ತೆರಿಗೆ ಲೆಕ್ಕವಾಗುವ ವರ್ಷ. ಬಾಕಿ ಯಾವ ವರ್ಷದ್ದೋ ಅದಲ್ಲ. ಅನುಬಂಧ 1ರ ಕೋಷ್ಟಕ ‘ಎ’ಯಲ್ಲಿ 2022-23ಕ್ಕೆ 8 ತಿಂಗಳ 3,36,000, 2023-24ಕ್ಕೆ 12 ತಿಂಗಳ 5,04,000 ಬರೆದೆ. 2024ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ 5 ತಿಂಗಳು ಆ ವರ್ಷದ್ದೇ ಆದಾಯ, ಬಾಕಿಯಲ್ಲಿ ಸೇರಿಸಬಾರದು. ಹಳೆಯ ವರ್ಷಗಳ ಒಟ್ಟು ಆದಾಯವನ್ನು ಆಯಾ ರಿಟರ್ನ್ ನೋಡಿಯೇ ತುಂಬಬೇಕು.

10ಇ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆದ ಮೇಲೆ, 139(5)ರಡಿ ಪರಿಷ್ಕೃತ ರಿಟರ್ನ್ ಸಲ್ಲಿಸಿ, ಅದರಲ್ಲಿ 10ಇ ತೋರಿಸಿದ ಪರಿಹಾರದ ಮೊತ್ತವನ್ನೇ ರೂಪಾಯಿಯೂ ಬದಲಿಸದೆ ನಮೂದಿಸಿದೆ. ಇದಕ್ಕೆ 2025ರ ಡಿಸೆಂಬರ್ 31ರ ಗಡುವಿತ್ತು. ಆ ರಿಟರ್ನ್ ಅನ್ನೂ ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ ಮಾಡಬೇಕು. ಮುಂದಿನ ಸೂಚನಾಪತ್ರದಲ್ಲಿ ಪರಿಹಾರ ಪೂರ್ತಿ ಬಂದಿತ್ತು.