ಊಟ ಮುಗಿದ ಮೇಲೆ ಚಾ ಒಂದು ತಾಸು ತಡವಾಗಲಿ

ವಿಜಯಪುರದ ಕಡೆ ಯಾವ ಮನೆಗೆ ಹೋದರೂ ಬುಟ್ಟಿ ತುಂಬ ಜೋಳದ ರೊಟ್ಟಿ ಇರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನ ಪಲ್ಯ. ಇಂಥ ಊಟದ ಮನೆಯಲ್ಲೇ ನನ್ನ ಸೊಸೆಗೆ ರಕ್ತ ಕಡಿಮೆ ಅಂತ ಬಂತು. ಹಿಮೋಗ್ಲೋಬಿನ್ 8.9. ಹೆಂಗಸರಿಗೆ 12 ಆದರೂ ಇರಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾದರೆ ತಲೆನೋವು. ಕೆಲಸ ಜಾಸ್ತಿ, ಅದಕ್ಕೇ ಸುಸ್ತು ಅಂದುಕೊಂಡು ಸುಮ್ನೆ ಇದ್ದೆ. ವರದಿ ನೋಡಿ ಬಹಳ ಸಂಕಟವಾಯಿತು.

ನಾಲ್ಕು ದಿನ ಅವಳ ತಾಟನ್ನೇ ನೋಡಿದೆ. ಎಲ್ಲರ ಊಟ ಆದ ಮೇಲೆ ಕೂಡುತ್ತಿದ್ದಳು. ಅಷ್ಟೊತ್ತಿಗೆ ಪಲ್ಯದಲ್ಲಿ ಕಾಳು ಮುಗಿದು ಬರೀ ರಸ ಉಳಿದಿರುತ್ತಿತ್ತು. ಸೊಪ್ಪು ಗಂಡಸರು, ಮಕ್ಕಳ ತಾಟಿಗೆ ಹೋಗಿರುತ್ತಿತ್ತು. ಎರಡು ರೊಟ್ಟಿ, ಸ್ವಲ್ಪ ರಂಜಕ ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ, ಮೇಲೆ ಎಣ್ಣೆ. ಕೈ ತೊಳೆದು ಒರೆಸಿಕೊಳ್ಳುವುದರೊಳಗೆ ಒಲೆ ಮೇಲೆ ಚಾ.

ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ನಮ್ಮ ಜೋಳ ಕೆಟ್ಟದ್ದಲ್ಲ. ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಂನಷ್ಟು ಪ್ರೋಟೀನ್, ನಾಲ್ಕು ಮಿಲಿಗ್ರಾಂ ಹತ್ತಿರ ಕಬ್ಬಿಣದ ಅಂಶ ಇದೆ, ನಾರೂ ಚೆನ್ನಾಗಿದೆ. ಆದರೆ ಕಾಳು, ಸೊಪ್ಪು, ಧಾನ್ಯದಲ್ಲಿರುವ ಕಬ್ಬಿಣವನ್ನು ಮೈ ಪೂರ್ತಿ ಎಳೆದುಕೊಳ್ಳುವುದಿಲ್ಲ, ಒಂದು ಸಣ್ಣ ಪಾಲು ಮಾತ್ರ. ಆ ಸಣ್ಣ ಪಾಲನ್ನೂ ಚಾದಲ್ಲಿರುವ ಒಗರು ಕಟ್ಟಿಹಾಕುತ್ತದೆ. ಹೆರುವ ವಯಸ್ಸಿನ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19 ಸಾಕು. ಜಾಸ್ತಿ ಬೇಕಾದವಳೇ ಕಡೆಗೆ ಉಣ್ಣುತ್ತಿದ್ದಳು, ನೋಡಿ.

"ಅತ್ತೀ, ಚಾ ಬಿಟ್ರ ತಲಿ ನೋಯ್ತದ್ರೀ" ಅಂದಳು. "ಬಿಡಬ್ಯಾಡವ್ವಾ, ಒಂದ್ ತಾಸು ತಡಾ ಮಾಡಿ ಕುಡಿ" ಅಂದೆ. ಅಷ್ಟು ಮಾಡಿದರೂ ಬಹಳ ಫರಕು ಆಗುತ್ತದೆ.

ಚಾ ಕಟ್ಟಿಹಾಕಿದರೆ ನಿಂಬೆಹುಳಿ ಬಿಡಿಸುತ್ತದೆ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಮೈ ಹೀರಿಕೊಳ್ಳುವ ಹಾಗೆ ಮಾಡುತ್ತದೆ. ಇಂಡಿ ಕಡೆಯ ನಿಂಬೆಹಣ್ಣು ನಮ್ಮ ಸಂತೆಗೇ ಬರುತ್ತದೆ, ತೆಳು ಸಿಪ್ಪೆ, ಒಳಗೆ ರಸವೇ ರಸ. ಆದರೆ ಒಲೆ ಮೇಲೆ ಕುದಿಯುವಾಗ ಹಿಂಡಬೇಡಿ, ಕಾವಿಗೆ ಆ ಜೀವಸತ್ವ ಹಾಳಾಗುತ್ತದೆ. ಪಲ್ಯ ತಾಟಿಗೆ ಬಂದ ಮೇಲೆ ಅರ್ಧ ಹೋಳು ಹಿಂಡಿಕೊಳ್ಳಿ. ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ ಹೆಚ್ಚಿದ ಪಚಡಿಗೂ ಹಾಗೇ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಕಾಳು ಬೇಯಿಸಿದ ನೀರನ್ನೂ ಚೆಲ್ಲಬೇಡಿ, ಕಟ್ಟಿನ ಸಾರು ಮಾಡಿ.

ಇನ್ನು ಕಾಳು. ರೊಟ್ಟಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಒಂದು ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಸಾಕಷ್ಟಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣುತ್ತೇವಲ್ಲ, ಆ ಬುತ್ತಿ ಬಿಚ್ಚಿ ನೋಡಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಬೇಳೆ ನುಚ್ಚು ಹಾಕಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಅಜ್ಜಿಯರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು. ಐವತ್ತು ಕಿಲೋ ತೂಕದವರಿಗೆ ದಿನಕ್ಕೆ ನಲವತ್ತು ಗ್ರಾಂ ಮೇಲೆ ಪ್ರೋಟೀನ್ ಬೇಕು. ಒಂದು ಹಿಡಿ ಒಣ ಹೆಸರುಕಾಳು ಅಂದರೆ ಏಳು ಗ್ರಾಂ, ಒಂದು ಮೊಟ್ಟೆ ಆರು ಗ್ರಾಂ. ಡಬ್ಬಿಯ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಹೆಸರು, ಮಡಿಕೆಕಾಳನ್ನು ನಾನು ಮೊಳಕೆ ಕಟ್ಟಿಯೇ ಮಾಡುತ್ತೇನೆ. ಬೆಳಿಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು, ಹಳೆ ಧೋತರದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ ಪಾತ್ರೆಯಲ್ಲಿ ಮುಚ್ಚಿಡುವುದು. ಚಳಿಗಾಲದಲ್ಲಿ ಒಲೆಯ ಹತ್ತಿರ ಇಡಿ. ಮರುದಿನ ಗಂಟು ಬಿಚ್ಚಿದರೆ ಹಸಿ ಹುಲ್ಲಿನ ವಾಸನೆ ಬರಬೇಕು, ಹುಳಿ ವಾಸನೆ ಬಂದರೆ ಕೆಟ್ಟಿದೆ, ಚೆಲ್ಲಿಬಿಡಿ. ಮೊಳಕೆ ಅಕ್ಕಿಕಾಳಿನಷ್ಟು ಬಂದರೆ ಸಾಕು. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅನ್ನುವ ಅಂಶ ಮೊಳಕೆಯೊಡೆದಾಗ ಕಡಿಮೆಯಾಗುತ್ತದೆ.

ಎಣ್ಣೆ ಕುಸುಬಿಯದಿರಲಿ, ಶೇಂಗಾದ್ದಿರಲಿ, ಅಳತೆ ಇರಲಿ. ಉಪ್ಪು ಎಲ್ಲ ಸೇರಿ ದಿನಕ್ಕೆ ಐದು ಗ್ರಾಂ ದಾಟಬಾರದು, ಅಂದರೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳದ್ದೂ ಅದರಲ್ಲೇ ಲೆಕ್ಕ.

ಮಾತ್ರೆ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಕ್ತ ಇಷ್ಟು ಇಳಿದಾಗ ಊಟವೊಂದೇ ಸಾಲದು, ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಲೇಬೇಕು. ಹಾಲು, ಚಾ ಜೊತೆ ಬೇಡ, ನಿಂಬೆ ನೀರಿನ ಜೊತೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ. ಸುಸ್ತು ಹೋಯಿತು ಅಂತ ಅರ್ಧಕ್ಕೆ ಬಿಡಬೇಡಿ. ರಕ್ತ ಏರಿದ ಮೇಲೂ ಮೈಯೊಳಗಿನ ಕಬ್ಬಿಣದ ಕಣಜ ತುಂಬಲು ಕೆಲವು ತಿಂಗಳು ಬೇಕು.

ಮೂರು ತಿಂಗಳಿಗೆ ಅವಳದು 11.2 ಆಯಿತು, ಮಾತ್ರೆ ಇನ್ನೂ ನಡೆದಿದೆ. ಈಗ ಪಲ್ಯ ಇಳಿಸಿದ ಕೂಡಲೇ ಮೊದಲ ಸೌಟು ಕಾಳು ಅವಳ ಬಟ್ಟಲಿಗೆ ತೆಗೆದಿಟ್ಟೇ ಉಳಿದವರಿಗೆ ಬಡಿಸುತ್ತೇನೆ.