ಗಟ್ಟಿಮೇಳದ ನಡುವೆ ಸೈರನ್ ಯಾರಿಗೆ ಕೇಳುತ್ತೆ?

ಛತ್ರ ನಡೆಸುವವರಿಗೆ ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆಯೋದು, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರಕ್ಕೆ (ಎನ್‌ಒಸಿ) ಓಡಾಡೋದು ನಾನು ಹೇಳಿಕೊಡಬೇಕಿಲ್ಲ. ನನ್ನ ತಲೆನೋವು ಬೇರೆ ಇತ್ತು. ನಮ್ಮ ಛತ್ರದಲ್ಲಿ ಖಾಯಂ ಸಿಬ್ಬಂದಿ ಹತ್ತು ಹನ್ನೆರಡು ಜನ. ಬಡಿಸುವ ಹುಡುಗರು ಕ್ಯಾಟರಿಂಗ್ ಕಡೆಯವರು, ಮದುವೆಗೊಂದು ಹೊಸ ಮುಖ. ಬೆಂಕಿ ಬಿದ್ದರೆ ಸಾವಿರ ಜನರನ್ನು ಹೊರಗೆ ಕರೆದೊಯ್ಯೋರು ಯಾರು?

ಮೊದಲು ಬೆಂಗಳೂರಿಂದ ಒಬ್ಬರನ್ನು ಕರೆಸಿದೆವು. ಇಪ್ಪತ್ತೈದು ಸಾವಿರದ ಹತ್ತಿರ ಖರ್ಚು. ಪರದೆ ಮೇಲೆ ಪಾಠ ಮಾಡಿ ಸರ್ಟಿಫಿಕೇಟ್ ಹಂಚಿ ಹೋದರು. ಮುಂದಿನ ಸೀಸನ್ನಿಗೆ ಅರ್ಧ ಹುಡುಗರು ಕೆಲಸ ಬಿಟ್ಟಿದ್ದರು. ಆಮೇಲೆ ಸೈರನ್ ಹಾಕಿಸಿದೆವು. ಒಂದು ಮದುವೆಯಲ್ಲಿ ಅದು ವೈರ್ ಕೆಟ್ಟು ತಾನೇ ಬಡಿದುಕೊಂಡಿತು, ಸರಿಯಾಗಿ ಮಾಂಗಲ್ಯಧಾರಣೆ ಹೊತ್ತಿಗೆ. ಗಟ್ಟಿಮೇಳದ ಡೋಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರೂ ಅಕ್ಷತೆ ಎಸೆಯುತ್ತಲೇ ಇದ್ದರು.

ಹಿಂದಿನ ಬಾಗಿಲಿಗೆ ಬೀಗ ಬೇರೆ. ಉಡುಗೊರೆ ಕಳುವಾಗುತ್ತೆ ಅಂತ ಛತ್ರದ ಯಜಮಾನರ ಹಟ. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗಂನ ಮದುವೆ ಮಂಟಪಕ್ಕೆ ಬೆಂಕಿ ಬಿದ್ದು ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತ ಕಥೆ ಹೇಳಿದೆ. ಆಮೇಲೇ ಒಳಗಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲಿಗೆ ಒಪ್ಪಿದರು. ಖರ್ಚು ಮೂವತ್ತು ಚಿಲ್ಲರೆ ಸಾವಿರ.

ದಾರಿ ಸಿಕ್ಕಿದ್ದು ಊಟದ ಹಾಲಿನಲ್ಲಿ. ಅನ್ನ, ಸಾರು, ಪಲ್ಯದವರು ಎಲ್ಲ ಕಡೆ ಓಡಾಡುತ್ತಾರೆ. ನೀರಿನ ಜಗ್ ಹಿಡಿದವನಿಗೆ ಮಾತ್ರ ಅವನದೇ ಪಂಕ್ತಿ. ಹಾಗಾಗಿ ಆ ಪಂಕ್ತಿಯ ಜನ ಅವನ ಜವಾಬ್ದಾರಿ ಅಂತ ಮಾಡಿದೆ. ಊಟ ಶುರುವಾಗುವ ಮುಂಚೆ ಹತ್ತು ನಿಮಿಷ, ಪ್ರತಿಯೊಬ್ಬನೂ ತನ್ನ ಪಂಕ್ತಿಯಿಂದ ತನ್ನ ಬಾಗಿಲವರೆಗೆ ನಡೆದು ಅದನ್ನು ಕೈಯಾರೆ ತಳ್ಳಿ ಬರಬೇಕು. ತಲೆಗೆ ಐವತ್ತು ರೂಪಾಯಿ. ಅಡುಗೆ ಭಟ್ಟರು "ಏನ್ ಸ್ವಾಮಿ, ಮದುವೆ ಮಾಡಿಸ್ತೀರೋ ಕವಾಯತೋ?" ಅಂತ ನಗುತ್ತಿದ್ದರು.

ತಾಲೀಮಿನಲ್ಲಿ ಇನ್ನೊಂದು ಗೊತ್ತಾಯಿತು. ಊಟದ ಮಧ್ಯೆ ಎಬ್ಬಿಸಿದರೆ ನಮ್ಮ ಜನ ಬಾಗಿಲಿಗೆ ಹೋಗಲ್ಲ, ಕೈ ತೊಳೆಯೋಕೆ ಹೋಗ್ತಾರೆ! ನಮ್ಮಲ್ಲಿ ಕೈ ತೊಳೆಯುವ ಜಾಗ ಅಡುಗೆಮನೆ ಪಕ್ಕದಲ್ಲೇ. ಈಗ ಅಲ್ಲಿಗೊಬ್ಬ ಗಟ್ಟಿ ಆಳು ಖಾಯಂ, "ಎಂಜಲು ಕೈಯಲ್ಲೇ ಬನ್ನಿ" ಅನ್ನೋದೇ ಅವನ ಕೆಲಸ. ಮೈಕಿನವನು ಮೊದಲು ವಾಲಗ ನಿಲ್ಲಿಸಬೇಕು, ಆಮೇಲೆ ಒಂದು ಮಾತು ಹೇಳಬೇಕು. ಆ ಮಾತು ನಮ್ಮ ಹುಡುಗರಿಗಷ್ಟೇ ಗೊತ್ತು, ಇಲ್ಲಿ ಬರೆಯೋಲ್ಲ.

ನಡೆಯಲಾರದ ಅಜ್ಜಿಯರಿಗೆ ಏನು ಮಾಡೋದು ಅಂತಲೂ ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿಸಿದರೆ ಮೆಟ್ಟಿಲಲ್ಲಿ ಕಾಲು ಮುರಿಯಿತು, ಪುಣ್ಯಕ್ಕೆ ಕುರ್ಚಿಯದು. ಸಮತಟ್ಟು ನೆಲದಲ್ಲಿ ಜಮಖಾನದ ಮೇಲೆ ಕೂರಿಸಿ ಎಳೆಯೋದೇ ವಾಸಿ. ಮೆಟ್ಟಿಲಿಗೆ ಇನ್ನೂ ಉಪಾಯ ಹೊಳೆದಿಲ್ಲ.

ಕಳೆದ ಮಾಘದಲ್ಲಿ ಬೋಂಡಾ ಬಾಣಲೆ ಹೊತ್ತಿಕೊಂಡಿತು. ಸುಮಾರು ನಾನೂರು ಎಲೆ ಹಾಕಿದ್ದೆವು, ಆಗ ತಾನೇ ಸಾರು ಬಂದಿತ್ತು. ಭಟ್ಟರು ನೀರು ಮುಟ್ಟದೆ ಗ್ಯಾಸ್ ಆರಿಸಿ ತಟ್ಟೆ ಮುಚ್ಚಿದರು, ಆದರೂ ಹೊಗೆ ಹಾಲಿಗೆ ನುಗ್ಗಿತು. ಮೂರು ನಿಮಿಷದೊಳಗೆ ಹಾಲ್ ಖಾಲಿ. ಒಬ್ಬರಿಗೂ ತರಚು ಗಾಯ ಕೂಡ ಇಲ್ಲ. ಈಗ ಪಕ್ಕದ ಛತ್ರದವರು ಬಂದು ನೋಡಿ ಹೋಗ್ತಾರೆ. ಭಟ್ಟರೇ ಹುಡುಗರಿಗೆ "ಬಾಗಿಲು ತಳ್ಳಿ ಬಂದ್ಯೇನೋ?" ಅಂತ ಕೇಳ್ತಾರೆ.

ಜಗ್ಗದವರು ಡೆಕೊರೇಷನ್‌ನವರು ಮಾತ್ರ. ದಾರಿ ತೋರಿಸುವ ಹಸಿರು ಬೋರ್ಡಿನ ಮೇಲೇ ಬಟ್ಟೆ ಇಳಿಬಿಡ್ತಾರೆ. ಐದು ಸಾವಿರ ಡಿಪಾಸಿಟ್ ಇಡಿಸಿಕೊಳ್ತಿದ್ದೇನೆ. ಬೋರ್ಡು ಮುಚ್ಚಿದರೆ ವಾಪಸ್ ಇಲ್ಲ.