ಜೋರು ಟೀಚರ್, ಮೆತ್ತನೆ ಮಗು: ನಾವು ಮನೆಯಲ್ಲಿ ಏನೇನು ಮಾಡಿದೆವು

ನಾಲ್ಕನೇ ಕ್ಲಾಸಿನ ಮಗು ಬೆಳಿಗ್ಗೆ ಏಳೂವರೆಗೆ ಹೊಟ್ಟೆನೋವು ಅಂತ ಮುದುಡಿ ಕೂತರೆ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಭಾನುವಾರ ಬೆಳಿಗ್ಗೆ ನೋವಿಲ್ಲ, ಸಂಜೆ ಆರರ ಮೇಲೆ ಶುರು. ದಸರಾ ರಜೆಯಲ್ಲಿ ಪೂರ್ತಿ ಮಾಯ, ಶಾಲೆ ತೆರೆಯುವ ಹಿಂದಿನ ರಾತ್ರಿ ಮತ್ತೆ ಹಾಜರ್. ಹೀಗಿದ್ದರೆ ನೋವಿನ ಬೇರು ಶಾಲೆಯ ಹೆದರಿಕೆಯಲ್ಲಿರಬಹುದು. ಅಂದರೆ ಮಗು ನಾಟಕ ಮಾಡುತ್ತಿದೆ ಅಂತಲ್ಲ, ನೋವು ನಿಜವೇ. ಆದರೂ ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿಬಿಡಿ. ಟಾಯ್ಲೆಟ್‌ಗೆ ಹೋಗ್ತೀನಿ ಅಂತ ಕೇಳಲು ಹೆದರಿ ದಿನವಿಡೀ ನೀರೇ ಕುಡಿಯದ ಮಕ್ಕಳಿಗೆ ಮಲಬದ್ಧತೆ, ಉರಿಮೂತ್ರ ಎರಡೂ ಬರಬಹುದು. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದೆಯಾ, ಊಟದ ಡಬ್ಬಿಯಲ್ಲಿ ಎಷ್ಟು ಉಳಿದಿದೆ, ಇವನ್ನು ಒಂದು ವಾರ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತೆ.

ನಾನೂ ಪ್ರಾಥಮಿಕ ಶಾಲೆಯ ಟೀಚರೇ, ಮಗಳು ಓದುವ ಶಾಲೆ ಬೇರೆ. ಅಲ್ಲಿನ ಲೆಕ್ಕದ ಟೀಚರ್ ಜೋರು ದನಿಗೆ ಅವಳು ಹೆದರುತ್ತಿದ್ದಳು. ಮೇಜಿನ ಎರಡೂ ಕಡೆ ಏನು ನಡೆಯುತ್ತೆ ಅಂತ ಗೊತ್ತಿದ್ದರಿಂದ ಕೆಲವು ಕೆಲಸ ಸುಲಭವಾಯಿತು, ಕೆಲವು ತಪ್ಪನ್ನು ಎಲ್ಲರ ಹಾಗೆ ನಾವೂ ಮಾಡಿದೆವು.

ಮೊದಲ ಹತ್ತು ಶಾಲಾ ದಿನ ಏನನ್ನೂ ಸರಿಮಾಡಲು ಹೋಗಲಿಲ್ಲ, ಬರೀ ಬರೆದುಕೊಂಡೆವು. ನೂರು ಪುಟದ ಒಂದು ನೋಟ್‌ಬುಕ್, ದಿನಕ್ಕೆ ನಾಲ್ಕು ಸಾಲು: ಯಾವ ಪೀರಿಯಡ್, ಟೀಚರ್ ಬಾಯಿಂದ ಬಂದ ಮಾತು ಮಗು ಹೇಳಿದ ಹಾಗೇ, ಅದು ಯಾರಿಗೆ ಅಂದದ್ದು, ಆಗ ಮಗು ಏನು ಮಾಡಿತು. ಈ ಮೂರನೇ ಸಾಲು ಬಹಳ ಮುಖ್ಯ. ನಮ್ಮ ಪಟ್ಟಿಯಲ್ಲಿ ಬೈಗುಳದ ದೊಡ್ಡ ಪಾಲು ಬೇರೆ ಮಕ್ಕಳ ಪಾಲಿನದು. ಹಿಂದಿನ ಬೆಂಚಿನ ಹುಡುಗನಿಗೆ ಬಿದ್ದ ಮಾತು ಇವಳ ಹೊಟ್ಟೆಯೊಳಗೆ ಇಳಿಯುತ್ತಿತ್ತು. ಸೂಕ್ಷ್ಮ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಗಟ್ಟಿ ದನಿ ಎದ್ದ ಕೂಡಲೇ ಅವರಿಗೆ 'ಮುಂದಿನ ಸರದಿ ನಂದು' ಅನಿಸುತ್ತೆ. ತಂದೆತಾಯಿ ಇದನ್ನು ಗಮನಿಸದೆ 'ಟೀಚರ್ ನಮ್ಮ ಮಗುವಿಗೆ ದಿನಾ ಬೈತಾರೆ' ಅಂತ ಶಾಲೆಗೆ ನುಗ್ಗಿದರೆ, ಟೀಚರ್ 'ನಾನು ನಿಮ್ಮ ಮಗೂಗೆ ಒಂದಿನಾನೂ ಬೈದಿಲ್ವಲ್ಲ' ಅಂತಾರೆ. ಇಬ್ಬರು ಹೇಳುವುದೂ ನಿಜ, ಮಾತು ಅಲ್ಲಿಗೇ ಮುರಿದುಬೀಳುತ್ತೆ.

ಕೇಳುವ ಹೊತ್ತೂ ಮುಖ್ಯ. ಗೇಟಿನ ಹತ್ತಿರ 'ಇವತ್ತು ಬೈದ್ರಾ?' ಅಂತ ಕೇಳಬಾರದು. ಕೈಕಾಲು ತೊಳೆದು, ತಿಂಡಿ ತಿಂದು, ಮುಕ್ಕಾಲು ಗಂಟೆ ಆಟ ಆಡಿದ ಮೇಲೆ, ಮುಖ ಮುಖ ನೋಡದೆ ಮಾಡುವ ಯಾವುದಾದರೂ ಕೆಲಸದ ನಡುವೆ ಕೇಳಿ. ನಮ್ಮಲ್ಲಿ ಅವರೆಕಾಯಿ ಸುಲಿಯುವಾಗ ಬಂದಷ್ಟು ಮಾತು ಸೋಫಾದಲ್ಲಿ ಎದುರು ಕೂರಿಸಿಕೊಂಡಾಗ ಬರಲಿಲ್ಲ. ಒಂದೇ ಪ್ರಶ್ನೆ ಸಾಕು: 'ಇವತ್ತು ಲೆಕ್ಕದ ಪೀರಿಯಡ್‌ನಲ್ಲಿ ಏನಾಯ್ತು?' ಜೊತೆಗೆ ಆಟದ ಬಗ್ಗೆ, ಗೆಳತಿ ಬಗ್ಗೆ ಒಂದು. ಬೈಗುಳದ ಕತೆಗೆ ಮಾತ್ರ ಕಿವಿಗೊಟ್ಟರೆ ಮಗು ಅದನ್ನೇ ಹುಡುಕಿ ತರಲು ಕಲಿಯುತ್ತೆ.

ಹತ್ತು ದಿನದ ಪಟ್ಟಿಯನ್ನು ಮೂರು ಗುಂಪು ಮಾಡಿದೆವು. ಒಂದು, ಇಡೀ ಕ್ಲಾಸಿಗೆ ಕೂಗುವ ದನಿ. ಎರಡು, ಕಟ್ಟುನಿಟ್ಟು: ಮಾರ್ಜಿನ್ ಹಾಕಿಲ್ಲ, ಹೋಂವರ್ಕ್ ಅರ್ಧ, ಪುಸ್ತಕ ತಂದಿಲ್ಲ ಅಂತ ಬರುವ ಮಾತು. ಮೂರು, ಅವಮಾನ ಮತ್ತು ಹೊಡೆತ: ದಡ್ಡಿ ಅನ್ನುವುದು, ಬಣ್ಣ, ಜಾತಿ, ಮನೆಯ ಸ್ಥಿತಿ ಎತ್ತುವುದು, ಮಂಡಿಯೂರಿಸುವುದು, ಟಾಯ್ಲೆಟ್‌ಗೆ ಬಿಡದಿರುವುದು, ಕಿವಿ ಹಿಂಡುವುದು, ಕೈ ಮಾಡುವುದು. ಮೊದಲ ಎರಡು ಗುಂಪಿಗೆ ಮಗುವನ್ನು ಸಿದ್ಧ ಮಾಡಬಹುದು. ಮೂರನೆಯದನ್ನು ತಾಳಿಕೊಳ್ಳಲು ಯಾವ ಮಗುವಿಗೂ ಕಲಿಸಬಾರದು, ಅದು ದೊಡ್ಡವರು ಹೋಗಿ ನಿಲ್ಲಿಸಬೇಕಾದ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗಬೇಕು ಅಂತಲೂ ಅಲ್ಲೇ ಇದೆ. 'ಛಡಿ ಚಂ ಚಂ, ವಿದ್ಯಾ ಘಂ ಘಂ' ಅನ್ನುವ ಅಜ್ಜಂದಿರು ಇನ್ನೂ ಮನೆಮನೆಯಲ್ಲಿದ್ದಾರೆ, ಅವರ ಜೊತೆ ಮಗುವಿನ ಎದುರು ವಾದಕ್ಕಿಳಿಯಬೇಡಿ. 'ಮಾವ, ಸ್ವಲ್ಪ ದಿನ ಅವಳ ಮುಂದೆ ಈ ಮಾತು ಬೇಡ' ಅಂದರೆ ಸಾಕಾಗುತ್ತೆ.

ಇನ್ನು ಸಿದ್ಧತೆ. ಉಸಿರಿನದು ಮೊದಲು. ಮೂರು ಎಣಿಸುವಷ್ಟು ಒಳಗೆ, ಐದು ಎಣಿಸುವಷ್ಟು ಹೊರಗೆ, ಐದು ಸಲ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತೆ, ಕೆಲಸ ಮಾಡುವುದು ಅದೇ. ಇದನ್ನು ಕನಿಷ್ಠ ಒಂದು ವಾರ ಮಲಗುವ ಮುಂಚೆ ಮನೆಯಲ್ಲೇ ಮಾಡಿಸಬೇಕು. ಮಗು ಅಳುತ್ತಿರುವಾಗ ಮೊದಲ ಸಲ 'ಉಸಿರು ಎಳಕೋ' ಅಂದರೆ ಅದು ಇನ್ನೊಂದು ಬೈಗುಳವಾಗಿ ಕೇಳಿಸುತ್ತೆ. ಕಣ್ಣು ಮುಚ್ಚಿಸಿ ಕಲಿಸಬೇಡಿ. ಕ್ಲಾಸಿನಲ್ಲಿ ಕಣ್ಣು ಮುಚ್ಚಿದರೆ ಪಕ್ಕದವರು ನಗುತ್ತಾರೆ, ಟೀಚರ್ 'ನಿದ್ದೆನಾ?' ಅಂತಾರೆ. ಯಾರಿಗೂ ಕಾಣದ ಇನ್ನೊಂದು ಉಪಾಯ: ಶೂ ಒಳಗೆ ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದು ಬಿಡುವುದು. ನೆಲದ ಮೇಲೆ ಕೂರಿಸುವ ಶಾಲೆಯಾದರೆ ಅಂಗೈ ನೆಲಕ್ಕೆ ಒತ್ತಬಹುದು.

ಎರಡನೆಯದು ಆಡುವ ಮಾತು. ಹೆದರಿದ ಮಗುವಿಗೆ ಆ ಗಳಿಗೆಯಲ್ಲಿ ವಾಕ್ಯ ಹೊಳೆಯುವುದಿಲ್ಲ, ಸುಮ್ಮನೆ ನಿಲ್ಲುತ್ತೆ. ಆ ಮೌನವನ್ನು ಟೀಚರ್ 'ಎಷ್ಟು ಸೊಕ್ಕು ನೋಡು' ಅಂತ ತಿಳಿಯುತ್ತಾರೆ, ದನಿ ಇನ್ನೂ ಏರುತ್ತೆ. ಹಾಗಾಗಿ ಮೂರೇ ಮೂರು ವಾಕ್ಯ ಬಾಯಿಪಾಠ ಮಾಡಿಸಿದೆವು. 'ಮಿಸ್, ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?' 'ಮಿಸ್, ಬರ್ಕೊಂಡು ಬಂದಿದೀನಿ, ಕೊನೇ ಎರಡು ಲೆಕ್ಕ ಬರ್ಲಿಲ್ಲ.' 'ಸಾರಿ ಮಿಸ್, ನಾಳೆ ತರ್ತೀನಿ.' ನಾಲ್ಕನೆಯದನ್ನು ಸೇರಿಸಿದಾಗ ಎಲ್ಲವೂ ಕಲಸಿಹೋಯಿತು, ಅದನ್ನು ಬಿಟ್ಟೆವು. ವಾಕ್ಯ ಬಾರದಿದ್ದರೆ 'ಮಿಸ್' ಅನ್ನುವ ಒಂದು ಪದ ಹೊರಗೆ ಬರಲಿ, ಆಮೇಲೆ ಪುಸ್ತಕ ತೋರಿಸಿ ಬೆರಳಿಟ್ಟರೂ ಸಾಕು ಅಂತ ಹೇಳಿಕೊಟ್ಟೆವು. ಎಷ್ಟೋ ಸಲ ಆ ಒಂದು ಪದವೇ ಕೆಲಸ ಮಾಡಿತು.

ಅಭ್ಯಾಸಕ್ಕೆ ಟೀಚರ್ ಆಟ. ವಾರಕ್ಕೆ ನಾಲ್ಕು ದಿನ, ಐದೇ ನಿಮಿಷ. ಮೊದಲ ವಾರ ಮಗುವೇ ಟೀಚರ್, ನಾವು ಮಕ್ಕಳು. ಅವಳು ಯಾವ ಮಾತು ಆಡುತ್ತಾಳೆ, ಎಷ್ಟು ದೊಡ್ಡ ದನಿ ತೆಗೆಯುತ್ತಾಳೆ ಅನ್ನುವುದರಿಂದ ನೋಟ್‌ಬುಕ್‌ನಲ್ಲಿ ಇಲ್ಲದ್ದೂ ಗೊತ್ತಾಗುತ್ತೆ. ಎರಡನೇ ವಾರದಿಂದ ನಾನು ಟೀಚರ್: ಮೊದಲು ಮಾಮೂಲಿ ದನಿ, ಎರಡು ದಿನದ ಮೇಲೆ ಸ್ವಲ್ಪ ಬಿಗಿ, ಆಮೇಲೆ ಜೋರು. ಜೋರಿಗೆ ಹೋಗುವ ಮೊದಲು 'ಈಗ ಜೋರು ಮಾಡ್ತೀನಿ' ಅಂತ ಹೇಳಿಯೇ ಮಾಡಬೇಕು, ಮಗು ಕೈ ಎತ್ತಿದರೆ ತಕ್ಷಣ ನಿಲ್ಲಿಸಬೇಕು. ಇಲ್ಲಿ ಆಗುವ ತಪ್ಪು ಎರಡು. ಅಪ್ಪ ಉತ್ಸಾಹದಲ್ಲಿ ನಿಜಕ್ಕೂ ಗದರಿ ಮಗು ಅತ್ತುಬಿಡುವುದು ಒಂದು. ಟೀಚರನ್ನು ಕೋಡಂಗಿ ಮಾಡಿ ನಗಿಸುವುದು ಇನ್ನೊಂದು, ಮಾರನೇ ದಿನ ಕ್ಲಾಸಿನಲ್ಲಿ ಅದು ನೆನಪಾಗಿ ಮಗು ಕಿಸಕ್ಕೆಂದರೆ ಮುಗಿಯಿತು. ನಾವು ಎರಡನ್ನೂ ಮಾಡಿದ್ದೇವೆ.

ಮೂರನೆಯದು, ಬೈಸಿಕೊಳ್ಳುವ ಕಾರಣಗಳನ್ನು ಕಡಿಮೆ ಮಾಡುವುದು. ನಮ್ಮ ಪಟ್ಟಿಯ ಎರಡನೇ ಗುಂಪಿನ ಮುಕ್ಕಾಲು ಪಾಲು ಬ್ಯಾಗಿನದೇ ಸಮಸ್ಯೆ. ರಾತ್ರಿ ಎಂಟೂವರೆಗೆ ಟೈಮ್‌ಟೇಬಲ್ ನೋಡಿ ಬ್ಯಾಗ್ ತುಂಬುವುದು, ಡೈರಿಗೆ ಸಹಿ, ಚೂಪು ಮಾಡಿದ ಎರಡು ಪೆನ್ಸಿಲ್ಲು, ಒಂದು ಹೆಚ್ಚುವರಿ ರಬ್ಬರ್, ನಾಳೆ ಲೆಕ್ಕದಲ್ಲಿ ಬರುವ ಪುಟವನ್ನು ಹತ್ತು ನಿಮಿಷ ಮುಂಚೆಯೇ ಓದಿಕೊಳ್ಳುವುದು. ಗೊತ್ತಿರುವ ಪಾಠ ನಡೆಯುವಾಗ ಅದೇ ದನಿ ಅಷ್ಟು ಜೋರಾಗಿ ಕೇಳಿಸುವುದಿಲ್ಲ. ಆದರೆ ಇದನ್ನು ಅತಿ ಮಾಡಿದರೆ ಮಗು ಒಂದಕ್ಷರ ತಪ್ಪಿದರೂ ಪುಟ ಹರಿದು ಹೊಸದಾಗಿ ಬರೆಯಲು ಶುರು ಮಾಡುತ್ತೆ. ಅದು ಕಂಡ ದಿನದಿಂದ ಮನೆಯಲ್ಲಿ ರಬ್ಬರ್ ಎತ್ತಿಟ್ಟೆವು. ತಪ್ಪಿದ್ದನ್ನು ಒಂದೇ ಗೆರೆ ಎಳೆದು ಹೊಡೆದು ಮುಂದೆ ಬರೆಯುವ ರೂಢಿ ಹಾಕಿಸಿದೆವು. ಕೆಂಪು ಶಾಯಿಯ ಗೆರೆ ನೋಡಿ ಗಾಬರಿಯಾಗುವುದು ಇದರಿಂದ ಸ್ವಲ್ಪ ತಗ್ಗಿತು.

ಟೀಚರ್ ಜೊತೆ ಮಾತಾಡಿದ್ದು ಇದೆಲ್ಲ ಶುರುವಾಗಿ ಮೂರನೇ ವಾರಕ್ಕೆ. ಪಿಟಿಎಂ (ಪೋಷಕರು-ಟೀಚರ್ ಸಭೆ) ದಿನ ಬೇಡ, ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುತ್ತಾರೆ. ಬೆಲ್ ಹೊಡೆಯುವ ಹೊತ್ತಿಗೆ ಗೇಟಿನಲ್ಲಿ ಅಡ್ಡಗಟ್ಟುವುದೂ ಬೇಡ. ಎಫ್‌ಎ (ವರ್ಷದ ನಡುವೆ ನಡೆಯುವ ಕಿರುಪರೀಕ್ಷೆ) ಅಂಕ ತುಂಬುವ ವಾರ, ಇನ್‌ಸ್ಪೆಕ್ಷನ್ ವಾರ ಬಿಟ್ಟುಬಿಡಿ, ಆಗ ನನ್ನ ತಲೆಯೂ ನನ್ನ ಹಿಡಿತದಲ್ಲಿ ಇರುವುದಿಲ್ಲ. ಡೈರಿಯಲ್ಲಿ 'ಹದಿನೈದು ನಿಮಿಷ ಭೇಟಿ ಮಾಡಬೇಕಿತ್ತು, ನಿಮಗೆ ಅನುಕೂಲವಾದ ದಿನ ತಿಳಿಸಿ' ಅಂತ ಬರೆದರೆ ಹೆಚ್ಚಿನವರು ದಿನ ಕೊಡುತ್ತಾರೆ. ಮಗುವನ್ನು ಕರೆದುಕೊಂಡು ಹೋಗಬೇಡಿ. ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದಕ್ಷರವೂ ಬೇಡ. ಅಲ್ಲಿ ಹಾಕಿದ್ದು ಸಂಜೆಯೊಳಗೆ ಸ್ಟಾಫ್ ರೂಮಿಗೆ ತಲುಪಿರುತ್ತೆ, ಅದೂ ಉಪ್ಪುಖಾರ ಸೇರಿ.

ಅಲ್ಲಿ ಆಡಬಾರದ ಒಂದು ಮಾತಿದೆ: 'ನಮ್ಮ ಮಗು ತುಂಬಾ ಸೆನ್ಸಿಟಿವ್.' ಮೂರನೇ ದಿನಕ್ಕೆ ಅದು ಕ್ಲಾಸಿನಲ್ಲಿ 'ನೀನು ಸೆನ್ಸಿಟಿವ್ ಅಂತಲ್ಲಮ್ಮ, ನಿಂಗೇನೂ ಹೇಳೋ ಹಾಗಿಲ್ಲ' ಆಗಿ ತಿರುಗಿ ಬರುತ್ತೆ. ಸ್ವಭಾವದ ಹೆಸರು ಬಿಟ್ಟು ಕಂಡದ್ದನ್ನು ಹೇಳಬೇಕು: 'ಮೇಡಂ, ಎದ್ದು ನಿಲ್ಲಿಸಿ ಕೇಳಿದರೆ ಗೊತ್ತಿರೋ ಉತ್ತರವೂ ಅವಳಿಗೆ ಮರೆತುಹೋಗುತ್ತೆ. ಹತ್ತಿರ ಕರೆದು ಕೇಳಿದರೆ ಹೇಳ್ತಾಳೆ. ನಿಮ್ಮ ಲೆಕ್ಕದ ಪಾಠ ಅವಳಿಗೆ ಚೆನ್ನಾಗಿ ಹತ್ತುತ್ತೆ, ಅದಕ್ಕೇ ಕೇಳ್ಕೊಳ್ತಿದೀನಿ.' ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳಿ. ಕೋರಿಕೆ ಮೂರಕ್ಕಿಂತ ಹೆಚ್ಚು ಬೇಡ, ಮತ್ತು ಐವತ್ತು ಮಕ್ಕಳ ಕೋಣೆಯಲ್ಲಿ ಆಗುವಂಥದ್ದೇ ಇರಲಿ. ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ ಮೂವತ್ತು ಮಕ್ಕಳಿಗೆ ಒಬ್ಬರು ಟೀಚರ್ ಇರಬೇಕು, ಎಷ್ಟೋ ಕೋಣೆಗಳಲ್ಲಿ ಲೆಕ್ಕ ಹಾಗಿಲ್ಲ ಅನ್ನುವುದು ನಮಗೂ ನಿಮಗೂ ಗೊತ್ತು. ನಾವು ಕೇಳಿದ್ದು: ಪುಸ್ತಕದಲ್ಲಿ ತಪ್ಪಿದ್ದರೆ ಮೇಜಿನ ಹತ್ತಿರ ಕರೆದು ಹೇಳುವುದು, ಎರಡನೇ ಸಾಲಿನ ಅಂಚಿನಲ್ಲಿ ಜಾಗ, ಪ್ರಶ್ನೆ ಕೇಳುವ ಮೊದಲು 'ಮುಂದಿನದು ನೀನು' ಅಂತ ಒಂದು ಸೂಚನೆ. ಮೊದಲ ಎರಡು ಸಿಕ್ಕವು, ಮೂರನೆಯದು ಸಿಗಲಿಲ್ಲ.

ಮನೆಗೆ ಬಂದು ಡೈರಿಯಲ್ಲಿ ಎರಡು ಸಾಲು ಬರೆಯಿರಿ: ಭೇಟಿಗೆ ಧನ್ಯವಾದ, ಮಾತಾಡಿಕೊಂಡದ್ದು ಇಂತಿಂಥದ್ದು. ಅದು ಸೌಜನ್ಯವೂ ಹೌದು, ದಾಖಲೆಯೂ ಹೌದು. ಆಮೇಲಿನ ಮೂರ್ನಾಲ್ಕು ದಿನ ಟೀಚರ್ ಮಗುವಿನ ಕಡೆ ನೋಡದೆಯೇ ಇರಬಹುದು. 'ದೂರು ಹೇಳಿದ್ದಕ್ಕೆ ಹಗೆ ಸಾಧಿಸ್ತಿದಾರೆ' ಅಂತ ಕೂಡಲೇ ತೀರ್ಮಾನಿಸಬೇಡಿ. ಹತ್ತು ಶಾಲಾ ದಿನ ಕೊಡಿ.

ಮನೆಯಲ್ಲಿ ಬಿಡಬೇಕಾದ ಮಾತುಗಳಲ್ಲಿ ಅತಿ ಕೆಟ್ಟದ್ದು ನಮ್ಮ ನಾಲಗೆಯ ತುದಿಯಲ್ಲೇ ಇತ್ತು: 'ಊಟ ಮಾಡ್ತೀಯೋ, ಮಿಸ್‌ಗೆ ಹೇಳ್ಲೋ?' ಮಗು ಯಾರಿಗೆ ಹೆದರುತ್ತೋ ಅವರನ್ನೇ ಗುಮ್ಮ ಮಾಡಿ ಅಡುಗೆಮನೆಗೂ ತಂದು ಕೂರಿಸಿದ ಹಾಗೆ ಅದು. 'ಇಷ್ಟಕ್ಕೆಲ್ಲ ಅಳ್ತಾರಾ' ಅಂದರೆ ಮಾರನೇ ದಿನದಿಂದ ಮಗು ಹೇಳುವುದನ್ನೇ ನಿಲ್ಲಿಸುತ್ತೆ, ನೋಟ್‌ಬುಕ್ ಖಾಲಿಯಾಗುತ್ತೆ. ನಾವದನ್ನು ಸುಧಾರಣೆ ಅಂತ ಮೋಸಹೋಗುತ್ತೇವೆ. ಟೀಚರನ್ನು ಮಗುವಿನ ಎದುರು ಬೈಯುವುದೂ ಬೇಡ, ಮಗು ನಾಳೆ ಮತ್ತೆ ಅವರ ಮುಂದೆಯೇ ಹೋಗಿ ಕೂರಬೇಕು.

ಬೆಳಗಿನ ಹೊಟ್ಟೆನೋವಿಗೆ ಒಂದೇ ನಿಯಮ ಇಟ್ಟೆವು: ಜ್ವರ, ವಾಂತಿ, ಭೇದಿ ಇದ್ದರೆ ರಜೆ. ಇಲ್ಲವಾದರೆ ಬಿಸಿನೀರು ಕುಡಿದು, ಹತ್ತು ನಿಮಿಷ ಮಲಗಿ, ಹೊರಡುವುದು. ತಡವಾದರೂ ಸರಿ, ಹೋಗುವುದು. ಒಂದು ದಿನ ಮನೆಯಲ್ಲಿ ಉಳಿದರೆ ಆ ದಿನ ನೋವು ಹೋಗುತ್ತೆ, ಮಾರನೇ ದಿನದ ಹೆದರಿಕೆ ಎರಡರಷ್ಟಾಗುತ್ತೆ. ಈ ನಿಯಮ ಮೊದಲೆರಡು ಗುಂಪಿಗೆ ಮಾತ್ರ. ಅವಮಾನ, ಹೊಡೆತ ನಡೆಯುತ್ತಿದ್ದರೆ ಮಗುವನ್ನು ಬಲವಂತವಾಗಿ ಅಲ್ಲಿಗೆ ತಳ್ಳುವುದು ತಪ್ಪು.

ಹೊಡೆತದ ಗುರುತು ಕಂಡರೆ ಅದೇ ದಿನ ಫೋಟೋ, ಅದೇ ದಿನ ಡಾಕ್ಟರ್, ಚೀಟಿ ಕೇಳಿ ತೆಗೆದುಕೊಳ್ಳಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಒಂದು ಸಲ ಬರೆದುಕೊಳ್ಳಿ, ನಾಲ್ಕು ಜನರಿಂದ ನಾಲ್ಕು ಸಲ ಕೇಳಿಸಬೇಡಿ. ಬಾಯಿಮಾತಿನ ದೂರು ಎಲ್ಲೂ ನಿಲ್ಲುವುದಿಲ್ಲ. ಮುಖ್ಯಶಿಕ್ಷಕರಿಗೆ ಒಂದು ಪುಟದ ಅರ್ಜಿ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ: ದಿನಾಂಕ, ಪೀರಿಯಡ್, ನಡೆದದ್ದು, ನೀವು ಕೇಳುತ್ತಿರುವುದು ಏನು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಗಮನಕ್ಕೂ ತನ್ನಿ, ಖಾಸಗಿಯಾದರೆ ಆಡಳಿತ ಮಂಡಳಿಗೆ. ಅಲ್ಲಿ ಕದಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅವರ ಮೇಲೆ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು). ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ತುರ್ತು ಇದ್ದರೆ ಇದ್ಯಾವುದಕ್ಕೂ ಕಾಯದೆ ಮಕ್ಕಳ ಸಹಾಯವಾಣಿ 1098. ಹಾಸಿಗೆ ಒದ್ದೆ ಮಾಡುವುದು ಒಮ್ಮೆ ನಿಂತು ಮತ್ತೆ ಶುರುವಾದರೆ, ಊಟ ಬಿಟ್ಟರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಮಕ್ಕಳ ಡಾಕ್ಟರ್ ಮೂಲಕ ಮನೋವೈದ್ಯರನ್ನು ಕಾಣಬೇಕು. 'ನಾನು ಇರೋದೇ ಬೇಡ' ಅನ್ನುವಂಥ ಮಾತು ಒಂದೇ ಸಲ ಬಂದರೂ ಅದೇ ದಿನ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ.

ನೋಟ್‌ಬುಕ್ ಬರೆಯುವುದನ್ನು ನಾವು ನಿಲ್ಲಿಸಿದ್ದು ಸತತ ಹತ್ತು ದಿನ ಮಗಳು ಲೆಕ್ಕದ ಪೀರಿಯಡ್ಡಿನ ವಿಷಯ ತಾನಾಗಿ ಎತ್ತದಿದ್ದಾಗ. ಆದರೆ ಅದನ್ನು ರದ್ದಿಗೆ ಹಾಕಿಲ್ಲ. ಐದನೇ ಕ್ಲಾಸಿಗೂ ಅದೇ ಟೀಚರ್ ಬರುವ ಸಾಧ್ಯತೆ ಇದೆ, ಜೂನ್ ಮೊದಲ ವಾರದಲ್ಲಿ ಒಂದು ಸಲ ತೆಗೆದು ನೋಡಬೇಕು. ಸದ್ಯಕ್ಕೆ ಮಗಳ ಕೈಗೆ ಸಿಗದ ಹಾಗೆ ಬೀರುವಿನ ಮೇಲಿದೆ.